ಅಕ್ಕ ಫೋಕಸ್ಸಿಗೆ ಸಿಗದ ಸಂಜೆ

ನಮ್ಮ ನಾಟಕ ತಂಡದ ಗೋಡೆಯ ಮೇಲೆ ಅಕ್ಕನ ಫೋಟೋ ಇರಲಿಲ್ಲ. ರಂಗಮಂದಿರದ ಹಜಾರದಲ್ಲಿ, ಟಿಕೆಟ್ ಕಿಟಕಿಯಿಂದ ಹಿಡಿದು ಶೌಚಾಲಯದ ಬಾಗಿಲಿನವರೆಗೆ, ಒಂದು ಸಲವಾದರೂ ಮುಖಕ್ಕೆ ಬಣ್ಣ ಹಚ್ಚಿ ವೇದಿಕೆ ಹತ್ತಿದ ಎಲ್ಲರ ಫೋಟೋಗಳೂ ಒಂದೇ ಅಳತೆಯ ಕಪ್ಪು ಕಟ್ಟಿನಲ್ಲಿ ಸಾಲಾಗಿದ್ದವು. ಒಂದೇ ದೃಶ್ಯದಲ್ಲಿ ಹೆಣವಾಗಿ ಮಲಗಿ, ನಡುವೆ ಸೀನಿದ ಬಡಗಿಯ ಫೋಟೋ ಕೂಡ ಇತ್ತು. ಅಕ್ಕನದು ಇರಲಿಲ್ಲ. ಅಕ್ಕ ಪ್ರಾಂಪ್ಟರ್. ಪರದೆಯ ಪಕ್ಕದ ಕತ್ತಲಲ್ಲಿ ಸ್ಟೂಲಿನ ಮೇಲೆ ಕೂತು, ಮಾತು ಮರೆತವರಿಗೆ ಮಾತು ಎತ್ತಿಕೊಡುವವಳು.

ಹಗಲು ಅವಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ವೈದ್ಯರ ಕೈಬರಹ ಓದುವವಳಿಗೆ ನಾಟಕದ ಪ್ರತಿ ಯಾವ ಲೆಕ್ಕ? ನಾಲ್ಕು ಸಲ ಕಣ್ಣಾಡಿಸಿದರೆ ಎಲ್ಲರ ಮಾತೂ ಬಾಯಿಗೆ ಬಂದುಬಿಡುತ್ತಿತ್ತು. ಅದೇ ಅವಳಿಗೆ ಮುಳುವಾಯಿತು. “ನೀವು ಮೇಲೆ ಹತ್ತಿದ್ರೆ ಮೇಲಿರೋರ ಗತಿ ಏನಮ್ಮಾ?” ಎಂದು ನಿರ್ದೇಶಕರು ಪ್ರತಿ ನಾಟಕಕ್ಕೂ ನಗುತ್ತಲೇ ಅವಳನ್ನು ಸ್ಟೂಲಿಗೆ ಕಳಿಸುತ್ತಿದ್ದರು. ಹೆಂಗಸರಿಗೆ ಈ ಬಗೆಯ ಹೊಗಳಿಕೆ ಹೊಸದೇನಲ್ಲ. ಮನೆಮಂದಿಯ ಕನ್ನಡಕ, ಬೀಗದ ಕೈ, ಕಾಲುಚೀಲ ಎಲ್ಲೆಲ್ಲಿವೆ ಎಂದು ಬಲ್ಲವಳನ್ನು ಯಾರೂ ಪ್ರವಾಸಕ್ಕೆ ಕಳಿಸುವುದಿಲ್ಲ.

ಪಿಸುಗುಟ್ಟಿದರೆ ಮುಂದಿನ ಸಾಲಿನವರಿಗೆ ಕೇಳಿಸುತ್ತದೆಂದು ಅಕ್ಕ ಒಂದು ಉಪಾಯ ಮಾಡಿಕೊಂಡಿದ್ದಳು. ಸಣ್ಣ ಟಾರ್ಚಿನ ಗಾಜಿಗೆ ಮಿಠಾಯಿ ಸುತ್ತಿದ ಕಿತ್ತಳೆ ಬಣ್ಣದ ಕಾಗದ ಅಂಟಿಸಿದ್ದಳು. ಯಾರಾದರೂ ಸಾಲು ಹಾರಿಸಿದರೆ ಒಮ್ಮೆ ಮಿನುಗಿಸುವಳು. ‘ಬಿಟ್ಟುಬಿಟ್ಟೆ, ಆ ಮಾತನ್ನು ಮೊದಲಿಂದ ಹೇಳು’ ಎಂದು ಅದರ ಅರ್ಥ. ಇದು ತಂಡದವರ ಮೈಗೆ ಎಷ್ಟು ಹತ್ತಿಹೋಗಿತ್ತೆಂದರೆ, ನಮ್ಮ ಮುಖ್ಯ ನಟ, ಎಲ್ಲರ ಬಾಯಲ್ಲಿ ‘ಕಂಚಿನ ಕಂಠ’, ರಸ್ತೆಯ ಕಿತ್ತಳೆ ದೀಪ ಕಂಡರೂ ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತಾನೆಂದು ನಾವು ತಮಾಷೆ ಮಾಡುತ್ತಿದ್ದೆವು.

ಹೀಗಿರುವಾಗ ನಾಯಕಿಯ ಗಂಟಲು ಕಟ್ಟಿತು. ಬಾಯಿ ಬಿಡಕೂಡದೆಂದು ವೈದ್ಯರು ಹೇಳಿದರು. ಟಿಕೆಟ್ಟುಗಳು ಖಾಲಿಯಾಗಿದ್ದವು, ಆ ವಾರದ ಪ್ರದರ್ಶನ ನಿಲ್ಲಿಸುವಂತಿರಲಿಲ್ಲ, ಅವಳ ಪಾತ್ರ ಬಾಯಿಪಾಠ ಇದ್ದದ್ದು ಅಕ್ಕನೊಬ್ಬಳಿಗೆ. “ಒಂದು ಸಂಜೆ ಅಷ್ಟೇ ಅಮ್ಮಾ” ಎಂದರು ನಿರ್ದೇಶಕರು. ಅಕ್ಕ ‘ನೋಡೋಣ’ ಅಂದಳಂತೆ. ಆದರೆ ಸಂಜೆ ನನ್ನ ಸ್ಟುಡಿಯೋಗೆ ಬಂದಾಗ ಅವಳ ಕೆನ್ನೆ ಕೆಂಪಗಾಗಿತ್ತು.

“ಗೋಡೆಗೆ ನಂದೊಂದು ಫೋಟೋ ಬೇಕು ಕಣೇ. ಒಂದೇ ಒಂದು. ನಿನ್ ಕೈಲಿ ಆಗುತ್ತಾ?”

“ಏನಕ್ಕಾ ಹಾಗಂದ್ರೆ? ಇಪ್ಪತ್ತು ವರ್ಷದಿಂದ ಏನ್ ಮಾಡ್ತಿದೀನಿ ನಾನು?”

“ಪಾಸ್‌ಪೋರ್ಟ್ ಫೋಟೋ ತೆಗೀತಿದೀಯ” ಎಂದಳು ಅಕ್ಕ, ಸಹಜವಾಗಿ.

ಮಾತು ಸುಳ್ಳಲ್ಲ. ನನ್ನದು ಅಲುಗಾಡದವರ ಫೋಟೋಗ್ರಫಿ. ಕುರ್ಚಿಯ ಮೇಲೆ ಕೂರಿಸುತ್ತೇನೆ, ಗಲ್ಲ ಎತ್ತಿ ಅನ್ನುತ್ತೇನೆ, ಎರಡು ಕಡೆಯಿಂದ ಬೆಳಕು ಬಿಡುತ್ತೇನೆ. ಪಕ್ಕದ ಬೀದಿಯ ಬೇಕರಿಯವರ ಕೇಕುಗಳನ್ನೂ ತೆಗೆಯುತ್ತೇನೆ. ಕೇಕು ಎಂದೂ ಕಣ್ಣು ಮುಚ್ಚಿದ್ದಿಲ್ಲ. ನಾಟಕ ತಂಡಕ್ಕೆ ನಾನು ಫೋಟೋಗ್ರಾಫರ್ ಆದದ್ದು ಅಕ್ಕನ ತಂಗಿ ಎಂಬ ಒಂದೇ ಅರ್ಹತೆಯಿಂದ. ತಂಡಕ್ಕೊಂದು ಹಟವೂ ಇತ್ತು. ಗೋಡೆಗೆ ಹೋಗುವ ಫೋಟೋ ಪ್ರೇಕ್ಷಕರ ಮುಂದೆ, ಪ್ರದರ್ಶನ ನಡೆಯುತ್ತಿರುವಾಗಲೇ ತೆಗೆದದ್ದಾಗಿರಬೇಕು. ನಿಲ್ಲಿಸಿ ತೆಗೆದದ್ದಕ್ಕೆ, ತಾಲೀಮಿನಲ್ಲಿ ತೆಗೆದದ್ದಕ್ಕೆ ಜಾಗವಿಲ್ಲ. ಹಾಗಾಗಿ ಅಕ್ಕನ ಗೋಡೆಯ ಭಾಗ್ಯ ಪೂರಾ ನನ್ನ ಕೈಯಲ್ಲಿತ್ತು. ಕೈಯಲ್ಲಿತ್ತು ಎಂದರೂ ಪೂರ್ತಿ ನಿಜವಲ್ಲ. ಲೆನ್ಸಿನಲ್ಲಿತ್ತು.

ಆ ಲೆನ್ಸನ್ನು ನಾನು ತಂದದ್ದು ಈಚೆಗೆ. ಝೂಮ್ ಇಲ್ಲದ ಪ್ರೈಮ್ ಲೆನ್ಸು. ಹತ್ತಿರ ಬೇಕೆಂದರೆ ನೀವೇ ಎದ್ದು ಹತ್ತಿರ ಹೋಗಬೇಕು. ಆದರೆ ಅದರ ಬಾಯಿ ಸಣ್ಣ ಬಾವಿಯಂತೆ ಅಗಲ. ಅರೆಗತ್ತಲಲ್ಲೂ ಗಟಗಟ ಬೆಳಕು ಕುಡಿಯುತ್ತದೆ. ಅಷ್ಟು ಕುಡಿದದ್ದಕ್ಕೆ ಪ್ರತಿಯಾಗಿ ಅದು ಸ್ಪಷ್ಟವಾಗಿ ತೋರಿಸುವುದು ಎಲೆಯಷ್ಟು ತೆಳುವಾದ ಒಂದು ಪದರವನ್ನು ಮಾತ್ರ. ರೆಪ್ಪೆ ಚೂಪಾಗಿ ಬಂದರೆ ಮೂಗಿನ ತುದಿ ಮಂಜು. ಆ ಪದರವನ್ನು ಸರಿಯಾಗಿ ಕಣ್ಣಿನ ಮೇಲೆ ಕೂರಿಸುವುದು ಚಾಳೀಸು ಬಂದ ನನ್ನಂಥವಳಿಂದ ಆಗದ ಮಾತು. ಅದಕ್ಕೇ ಆಟೋಫೋಕಸ್ ಇದೆಯಲ್ಲ! ಕ್ಯಾಮೆರಾಗೆ ಚಾಳೀಸು ಬರುವುದಿಲ್ಲ ಎಂಬ ನಂಬಿಕೆಯ ಮೇಲೆ ನಾನು ಸುಖವಾಗಿದ್ದೆ.

ನನ್ನ ಯಜಮಾನರು ಮೊದಲ ದಿನವೇ ಅದನ್ನು ಕೈಯಲ್ಲಿ ತೂಗಿ ನೋಡಿ, “ಮೂಗಿಗಿಂತ ಮೂಗುತಿ ಭಾರ ಅನ್ನೋದು ಇದಕ್ಕೇನಾ?” ಎಂದಿದ್ದರು. ಆಮೇಲೆ ಅವರೇ ನನ್ನ ಪರೀಕ್ಷೆಯ ವಸ್ತುವಾದರು. ಸಂಜೆ ಅಡುಗೆಮನೆಯ ಒಂದೇ ದೀಪದಲ್ಲಿ ಅವರು ಪೇಪರ್ ಓದುತ್ತಿರುವಾಗ ತೆಗೆದೆ. ಎಂಥ ಫೋಟೋ! ಹುಬ್ಬಿನ ಒಂದೊಂದು ಬಿಳಿ ಕೂದಲೂ ಕಾಣುತ್ತಿತ್ತು. ಲೆನ್ಸು ಬ್ರಹ್ಮಾಂಡ ಎಂದು ತೀರ್ಮಾನಿಸಿದೆ. ಪೇಪರ್ ಓದುವ ನನ್ನ ಗಂಡನಿಗೂ ಕೇಕಿಗೂ ಅಲುಗಾಟದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ತಾಲೀಮಿನಲ್ಲೂ ನೋಡಿದೆ. ಅಲ್ಲಿ ಕೋಣೆಯ ಟ್ಯೂಬ್‌ಲೈಟುಗಳೆಲ್ಲ ಉರಿಯುತ್ತಿದ್ದವು. ಲೆನ್ಸು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅಕ್ಕನ ಕಣ್ಣು ಹಿಡಿಯಿತು. “ಅಕ್ಕಾ, ರೆಪ್ಪೆ ಎಣಿಸಬಹುದು ಹಾಗೆ ತೆಗೀತೀನಿ ನೋಡ್ತಿರು” ಎಂದು ತಂಡದವರೆಲ್ಲರ ಎದುರಿಗೇ ಜಂಬ ಕೊಚ್ಚಿದೆ. “ನಾಯಕಿಯ ಫೋಟೋ ಸ್ವಲ್ಪ ಮಸುಕಾಗಿದೆ ಅಲ್ವಾ, ಅದು ಹಳೇ ಲೆನ್ಸಿನದು” ಎಂದೂ ಸೇರಿಸಿದೆ. ಅದನ್ನು ತೆಗೆದವಳೂ ನಾನೇ.

ನಾಟಕದ ಕಥೆ ಇಷ್ಟೇ. ನದಿಯ ದಡದಲ್ಲಿ ದೋಣಿಗೆ ಕಾಯುವವರಿಗಾಗಿ ವಸತಿಗೃಹ ನಡೆಸುವ ಒಬ್ಬ ಹೆಂಗಸು. ಮೊದಲ ಅಂಕದಲ್ಲಿ ಅವಳನ್ನು ಬಿಟ್ಟುಹೋದವನು, ಅಂದರೆ ಕಂಚಿನ ಕಂಠ, ಮುದುಕನಾಗಿ, ಗಡ್ಡ ಬಿಟ್ಟುಕೊಂಡು, ಕಡೆಯ ದೃಶ್ಯದಲ್ಲಿ ಬಾಗಿಲಿಗೆ ಬರುತ್ತಾನೆ. ಅವಳು ಲಾಟೀನು ಎತ್ತಿ ಅವನ ಮುಖ ನೋಡಿ, ಒಂದು ದೀರ್ಘ ಮಾತಾಡಿ, ಕಳಿಸಿಬಿಡುತ್ತಾಳೆ. ಗೋಡೆಗೆ ಬೇಕಾದದ್ದು ಆ ಕ್ಷಣದ್ದು.

ಪ್ರದರ್ಶನದ ಸಂಜೆ ನಾನು ಮೊದಲ ಸಾಲಿನ ತುದಿಯಲ್ಲಿ ಕೂತೆ. ಪಕ್ಕದಲ್ಲಿ ಯಜಮಾನರು. ಅಕ್ಕನ ಸ್ಟೂಲಿನಲ್ಲಿ, ಅಕ್ಕನ ಟಾರ್ಚು ಹಿಡಿದು, ವೇಷಭೂಷಣ ಹೊಲಿಯುವ ಟೈಲರಮ್ಮ ಕೂತಿದ್ದರು.

ಪರದೆ ಸರಿಯಿತು. ಅಕ್ಕ ಬಂದಳು. ಕ್ಯಾಮೆರಾ ಕಣ್ಣಿಗೆ ಹಿಡಿದು ಗುಂಡಿ ಅರ್ಧ ಒತ್ತಿದೆ. ಲೆನ್ಸು ಕೊರ್ ಎಂದು ಮುಂದೆ ಹೋಯಿತು, ಕೊರ್ ಎಂದು ಹಿಂದೆ ಬಂತು, ಇನ್ನೊಮ್ಮೆ ಹೋಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅಂತಾರಲ್ಲ, ಹಾಗೆ ಎದುರಿಗೇ ನಿಂತ ಅಕ್ಕನನ್ನು ಬಿಟ್ಟು ಅದು ವೇದಿಕೆಯನ್ನೆಲ್ಲ ಹುಡುಕಿತು. ಬೆಳಕಿನವನು ಬೆಳಕನ್ನೆಲ್ಲ ಅವಳ ಬೆನ್ನ ಹಿಂದಿನಿಂದ ಬಿಟ್ಟಿದ್ದ. ಮುಖದ ಮೇಲಿದ್ದದ್ದು ಮಂದವಾದ ಕಂದು ಛಾಯೆ. ಆ ಮುಖದಲ್ಲಿ ಹಿಡಿದುಕೊಳ್ಳಲು ಲೆನ್ಸಿಗೆ ಒಂದು ಅಂಚೂ ಸಿಗುತ್ತಿರಲಿಲ್ಲ. ಸಿಕ್ಕಿದ್ದನ್ನು ಹಿಡಿಯಿತು. ಮೇಜಿನ ಮೇಲಿನ ಹೂಜಿ, ಕಿಟಕಿಯ ಸರಳು, ಕಂಚಿನ ಕಂಠದ ಎಡಗಿವಿ.

ಮಧ್ಯಂತರದಲ್ಲಿ ಕನ್ನಡಕ ಹಾಕಿಕೊಂಡು ಕ್ಯಾಮೆರಾದ ಪರದೆಯಲ್ಲಿ ನೋಡಿದೆ. ಒಂದೊಂದನ್ನೇ ಸರಿಸಿ ಮತ್ತೆ ಮೊದಲಿಂದ ನೋಡಿದೆ.

“ಏನಾಯ್ತೇ?” ಎಂದರು ಯಜಮಾನರು.

“ಹೂಜಿ ಚೆನ್ನಾಗಿ ಬಂದಿದೆ.”

“ಅಕ್ಕ?”

“ಅಕ್ಕ ಮೋಡದ ಹಾಗೆ ಬಂದಿದ್ದಾಳೆ. ಈ ಬೆಳಕಿನವನು ಎಲ್ಲಾ ಹಾಳು ಮಾಡಿದ.”

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ.”

“ರೀ, ಸುಮ್ನಿರ್ತೀರಾ?”

“ಎಲ್ಲಾ ಅಳಿಸಿ ಮೊದಲಿಂದ ಶುರು ಮಾಡು. ಅಂಥದ್ದೊಂದು ಬಟನ್ ಇರುತ್ತಲ್ಲ ಎಲ್ಲದರಲ್ಲೂ? ನಾನು ಟೀವಿಗೆ ಹಾಗೇ ಮಾಡೋದು.”

ಫ್ರಿಜ್ಜು, ಫೋನು, ಒಮ್ಮೆ ಜ್ವರ ಬಂದ ಮಗಳು, ಎಲ್ಲಕ್ಕೂ ಅವರದು ಇದೊಂದೇ ಚಿಕಿತ್ಸೆ. ಬೇರೆ ದಿನವಾಗಿದ್ದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. ಮೆನುವಿನೊಳಗೆ ಹೊಕ್ಕು ‘ರೀಸೆಟ್’ ಒತ್ತಿದೆ. ಕ್ಯಾಮೆರಾ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗಾಯಿತು. ನಾನು ಸಮಾಧಾನದಿಂದ ಉಸಿರು ಬಿಟ್ಟೆ. ಕಾರ್ಖಾನೆಯಿಂದ ಬಂದ ದಿನ ನಾನು ಮೊದಲು ಮಾಡಿದ ಕೆಲಸವೇನೆಂಬುದು ನೆನಪಾಗಲಿಲ್ಲ. ಕತ್ತಲಲ್ಲಿ ಫೋಕಸ್ ಸಿಗದಿದ್ದಾಗ ದಾರಿ ಹುಡುಕಲೆಂದು ಕ್ಯಾಮೆರಾ ತಾನೇ ಒಂದು ಪುಟ್ಟ ದೀಪ ಹಚ್ಚುತ್ತದೆ. ನಾಟಕದಲ್ಲಿ ಅದು ಬೇಡವೆಂದು ನಾನು ಅಂದೇ ಅದನ್ನು ಆರಿಸಿಟ್ಟಿದ್ದೆ.

ಕಡೆಯ ದೃಶ್ಯ ಬಂತು. ವೇದಿಕೆಯ ಎಲ್ಲ ದೀಪಗಳೂ ಆರಿ ಅಕ್ಕನ ಕೈಯ ಲಾಟೀನೊಂದು ಉಳಿಯಿತು. ಕಂಚಿನ ಕಂಠ ಬಾಗಿಲಲ್ಲಿ ಟೋಪಿ ತೆಗೆದು ನಿಂತ. ಅಕ್ಕ ಲಾಟೀನು ಎತ್ತಿದಳು.

“ನೀನು ಬರ್ತೀಯ ಅಂತ ಈ ದೀಪ ಹಚ್ಚಿಡ್ತಿದ್ದೆ ಅಂದ್ಕೊಂಡ್ಯಾ? ದಾರಿ ತಪ್ಪಿದವರಿಗೆ ಬಾಗಿಲು ಕಾಣಲಿ ಅಂತ ಹಚ್ಚಿಡ್ತಿದ್ದೆ. ನಿನಗೆ ದಾರಿ ಗೊತ್ತಿತ್ತು.”

ಅಲ್ಲಿಂದ ಮುಂದೆ ಒಂದು ಪುಟದ ಮಾತು. ಅಕ್ಕ ಒಂದು ಅಕ್ಷರವೂ ತಪ್ಪದೆ, ಸಿಟ್ಟಿನಿಂದ, ಗಟ್ಟಿಯಾಗಿ ಹೇಳಿದಳು. ನಾನು ಗುಂಡಿ ಒತ್ತುತ್ತಲೇ ಇದ್ದೆ, ಲೆನ್ಸು ಲಾಟೀನಿನ ತಂತಿಯನ್ನು ಹಿಡಿಯುತ್ತಲೇ ಇತ್ತು. ಮಾತು ಮುಗಿಯಿತು. ಕಂಚಿನ ಕಂಠ ತಲೆತಗ್ಗಿಸಿ ಹೊರಟು ಬಾಗಿಲಿಗೆ ಕೈ ಹಾಕಿದ. ಇನ್ನು ಪರದೆ ಬೀಳುತ್ತದೆ, ನನಗೆ ಉಳಿದದ್ದು ಒಂದು ಉಸಿರಿನಷ್ಟು ಹೊತ್ತು. ಅಕ್ಕ ಲಾಟೀನು ಸ್ವಲ್ಪ ಇಳಿಸಿದಳು, ಅವಳ ಮುಖ ಇನ್ನೂ ಕಪ್ಪಾಯಿತು. ನಾನು ದೇವರೇ ಎಂದು ಒತ್ತಿದೆ.

ನನ್ನ ಕೈಯಿಂದ ಒಂದು ಕಿತ್ತಳೆ ಬಣ್ಣದ ಬೆಳಕು ಹೊರಟು ಅಕ್ಕನ ಹಣೆಯ ಮೇಲೆ ಕೂತಿತು.

ಅಕ್ಕ ತಟ್ಟನೆ ನನ್ನತ್ತ ತಿರುಗಿದಳು. ಲೆನ್ಸು ಕಚಕ್ಕನೆ ಅವಳ ಕಣ್ಣು ಹಿಡಿಯಿತು, ಫೋಟೋ ಕ್ಲಿಕ್ಕಾಯಿತು. ಅಷ್ಟರಲ್ಲೇ ಏನಾಯಿತೆಂದು ನನಗೆ ಗೊತ್ತಾಗಿತ್ತು. ಟಾರ್ಚು ಎಲ್ಲಿಂದ ಮಿನುಗಿತು, ಯಾರು ಹಿಡಿದಿದ್ದಾರೆ ಎಂದು ಅವಳು ಕೇಳುವವಳಲ್ಲ. ಅಷ್ಟು ವರ್ಷ ಅವಳೇ ಬೇರೆಯವರಿಗೆ ಕಲಿಸಿದ ಪಾಠ ಅದು. ಬಿಟ್ಟುಬಿಟ್ಟೆ, ಮೊದಲಿಂದ ಹೇಳು. ನಾನು ಹೆಬ್ಬೆರಳಿನಿಂದ ದೀಪವನ್ನು ಒತ್ತಿ ಮುಚ್ಚಿದೆ. ಹೋದ ಮಾನ ಬಾಗಿಲು ಮುಚ್ಚಿದರೆ ಬರುತ್ತದೆಯೇ?

“ನೀನು ಬರ್ತೀಯ ಅಂತ,” ಎಂದಳು ಅಕ್ಕ, “ಈ ದೀಪ ಹಚ್ಚಿಡ್ತಿದ್ದೆ ಅಂದ್ಕೊಂಡ್ಯಾ?”

ಕಂಚಿನ ಕಂಠದ ಕೈ ಬಾಗಿಲ ಮೇಲೇ ನಿಂತಿತು. ಪಾಪ, ಅವನೂ ಕಿತ್ತಳೆ ಬೆಳಕು ಕಂಡಿದ್ದ. ಹಿಂದಿರುಗಿ ಬಂದ. ಹಾಕಿಕೊಂಡಿದ್ದ ಟೋಪಿಯನ್ನು ಮತ್ತೆ ತೆಗೆದ.

ಈ ಸಲ ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಎಲ್ಲಿ ತಪ್ಪಿದೆ ಎಂದು ಅವಳು ತನ್ನೊಳಗೇ ಹುಡುಕುತ್ತಿದ್ದಳು. ಪ್ರತಿ ಮಾತನ್ನೂ ಎತ್ತಿ, ಇದಾಗಿರಬಹುದೇ ಎಂದು ನೋಡಿ ಕೆಳಗಿಡುತ್ತಿದ್ದಳು. “ದಾರಿ ತಪ್ಪಿದವರಿಗೆ ಬಾಗಿಲು ಕಾಣಲಿ ಅಂತ...” ಎಂದು ನಿಂತಳು. ಅರ್ಧ ಹೆಜ್ಜೆ ಮುಂದೆ ಬಂದಳು. “ನಿನಗೆ ದಾರಿ ಗೊತ್ತಿತ್ತು.” ಇದು ಬಯ್ಯುವ ಮಾತಾಗಿ ಕೇಳಲಿಲ್ಲ. ಆಗಷ್ಟೇ ಅವಳಿಗೇ ತಿಳಿದ ಸುದ್ದಿಯಂತಿತ್ತು.

“ಹೌದು” ಎಂದ ಕಂಚಿನ ಕಂಠ. ಆ ಮಾತು ನಾಟಕದಲ್ಲಿರಲಿಲ್ಲ.

ನಾನು ಒಂದು ಕೈಯಲ್ಲಿ ದೀಪ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಒಂದೇ ಒಂದು ಫೋಟೋ ತೆಗೆದೆ. ಪರದೆ ಬಿತ್ತು. ನನ್ನ ಹಿಂದೆ ಕೂತಿದ್ದ ಹೆಂಗಸೊಬ್ಬರು ಮೂಗು ಒರೆಸಿಕೊಂಡು, “ಎರಡು ಸಲ ಹೇಳಿಸಿದ್ದಾರಲ್ಲ, ಎಂಥ ತಲೆ ಈ ನಿರ್ದೇಶಕರದು” ಎಂದರು.

ಬಣ್ಣದ ಕೋಣೆಯಲ್ಲಿ ಅಕ್ಕ ಕನ್ನಡಿಯ ಮುಂದೆ ಕೂತು ವಿಗ್ಗಿನ ಪಿನ್ನುಗಳನ್ನು ಕೀಳುತ್ತಿದ್ದಳು. ಟೈಲರಮ್ಮ ಪಕ್ಕದಲ್ಲಿ ಅಪರಾಧಿಯಂತೆ ನಿಂತಿದ್ದರು.

“ನಾನ್ಯಾವ ಸಾಲು ಬಿಟ್ಟೆ, ಅದನ್ನ ಹೇಳಿ ಸಾಕು” ಎನ್ನುತ್ತಿದ್ದಳು ಅಕ್ಕ.

“ತಾಯಾಣೆಗೂ ನಾನು ಟಾರ್ಚ್ ಮುಟ್ಟಿಲ್ಲ ಅಕ್ಕಾ. ನಾನು ಅಳ್ತಾ ಕೂತಿದ್ದೆ. ಟಾರ್ಚ್ ನನ್ ತೊಡೆ ಕೆಳಗಿತ್ತು.”

“ಮತ್ತೆ ಮಿನುಗಿದ್ದು ದೆವ್ವಾನಾ?”

ನಾನು ಬಾಯಿ ತೆರೆದೆ. ನನಗಿಂತ ಮೊದಲು ಯಜಮಾನರು, ಮದುವೆಮನೆಯಲ್ಲಿ ವರದಿ ಕೊಡುವವರಂತೆ ಹರ್ಷದಿಂದ, “ಅದು ಇವಳ ಕ್ಯಾಮೆರಾ ದೀಪ ಅಲ್ವಾ ಅಕ್ಕಾ? ನಾನು ಪಕ್ಕದಲ್ಲೇ ಇದ್ದೆನಲ್ಲ. ಚೆನ್ನಾಗಿ ಬಿತ್ತು ನಿಮ್ಮ ಮೇಲೆ” ಎಂದರು.

ನೆಲ ಬಾಯಿ ಬಿಡಬಾರದೇ ಎಂದುಕೊಂಡೆ. ನೆಲಕ್ಕೆ ಬೇರೆ ಕೆಲಸವಿತ್ತು. ಅಕ್ಕ ಕನ್ನಡಿಯೊಳಗಿಂದಲೇ ನನ್ನನ್ನು ನೋಡಿದಳು.

“ಹಾಗಾದ್ರೆ ನಾನು ಏನೂ ಬಿಟ್ಟಿರಲಿಲ್ವಾ?”

“ಇಲ್ಲ ಅಕ್ಕಾ.”

“ಮೊದಲ ಸಲಾನೇ ಪೂರ್ತಿ ಹೇಳಿದ್ನಾ?”

“ಒಂದಕ್ಷರ ಬಿಡದೆ ಹೇಳಿದ್ದೆ.”

ಅಕ್ಕ ಪಿನ್ನುಗಳನ್ನು ಮೇಜಿನ ಮೇಲಿಟ್ಟಳು. ಅವಳ ಮುಖದಲ್ಲಿ ಒಂದು ನಿರಾಳ ಹರಡುವುದನ್ನು ನೋಡಿದೆ. ಅದರ ಹಿಂದೆಯೇ ಸಿಟ್ಟು ಬಂತು. ಪೌಡರ್ ಪಫ್ಫು ನನ್ನ ಎದೆಗೆ ಬಂದು ಬಡಿಯಿತು. “ಮೂದೇವಿ! ನಿನ್ನ ಲೆನ್ಸಿನ ಕಣ್ಣು ನನ್ನ ಮಾತಿನ ಮೇಲೇ ಬೀಳಬೇಕಿತ್ತಾ? ಫೋಟೋ ಬಂತೋ ಇಲ್ವೋ ಅದನ್ನಾದ್ರೂ ಹೇಳು.”

“ಬಂದಿದೆ” ಎಂದೆ ನಾನು, ಧೈರ್ಯವಾಗಿ. ನೋಡಿರಲಿಲ್ಲ.

ಮರುದಿನ ಅಕ್ಕ ಔಷಧಿ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಬಂದಳು. ಪಾಸ್‌ಪೋರ್ಟಿನವರ ಕುರ್ಚಿಯನ್ನು ಕಂಪ್ಯೂಟರಿನ ಮುಂದೆ ಎಳೆದುಕೊಂಡು ಕೂತಳು. ನಾನು ಒಂದೊಂದೇ ತೋರಿಸಿದೆ. ತಂತಿ. ಹೂಜಿ. ತಂತಿ. ಪರದೆಯ ಹೊಲಿಗೆ. ಗಡ್ಡ ಅಂಟಿಸಿದ ಅಂಟು.

“ನಾಟಕದ ಸಾಮಾನು ಹರಾಜಿಗಿಡೋದಿದ್ರೆ ಉಪಯೋಗಕ್ಕೆ ಬರುತ್ತೆ” ಎಂದಳು.

“ತಾಳು, ಇದನ್ನ ನೋಡು.” ಕಿತ್ತಳೆ ಬೆಳಕಿನದನ್ನು ತೆರೆದೆ. ನನಗೇ ರೋಮಾಂಚನವಾಯಿತು. ಕಂಪ್ಯೂಟರಿನ ಪರದೆಯ ತುಂಬ ಅಕ್ಕ. ಪ್ರತಿಯೊಂದು ರೆಪ್ಪೆಯೂ ಬಿಡಿಸಿಟ್ಟಂತಿತ್ತು. “ಹೇಳಿದ್ದೆನಲ್ಲ! ಎಣಿಸಿಕೋ.”

ಅಕ್ಕ ಎಣಿಸಲಿಲ್ಲ. “ಇದು ನಾನು” ಎಂದಳು.

“ಮತ್ತಿನ್ಯಾರು?”

“ಅಂದ್ರೆ ಬರೀ ನಾನು ಕಣೇ. ಚೀಟಿಯಲ್ಲಿ ಡಾಕ್ಟರು ಏನೋ ಗೀಚಿದ್ರೆ ಹೀಗೇ ನೋಡ್ತೀನಿ. ಯಾವ ಪುಟ, ಯಾವ ಪುಟ ಅಂತ ಹುಡುಕ್ತಿದೀನಿ, ಕಾಣಲ್ವಾ? ಮುಂದಿನದ್ದು ತೆಗಿ.”

“ಮುಂದಿನದ್ದು ಹೋಗಿದೆ ಅಕ್ಕಾ. ನೀನು ಅರ್ಧ ಹೆಜ್ಜೆ ಮುಂದೆ ಬಂದುಬಿಟ್ಟೆ. ಫೋಕಸ್ಸು ಹಿಂದೆ, ನೀನು ಮೊದಲು ನಿಂತ ಜಾಗದಲ್ಲೇ ಉಳೀತು.”

“ತೆಗಿ ಅಂದೆ.”

ತೆಗೆದೆ. ಅವಳ ಭುಜದ ಹಿಂದೆ ಕುರ್ಚಿಯ ಬೆನ್ನಿನ ಒಂದು ಮೊಳೆ ವಜ್ರದಂತೆ ಹೊಳೆಯುತ್ತಿತ್ತು. ಅಕ್ಕ ಮಸುಕಾಗಿದ್ದಳು. ಕಣ್ಣುಗಳ ಜಾಗದಲ್ಲಿ ಎರಡು ನೆರಳು, ಕೆನ್ನೆಯ ಮೇಲೆ ಲಾಟೀನಿನ ಹಳದಿ, ಅರ್ಧ ತೆರೆದ ಬಾಯಿ. ಮಾತು ಮುಗಿಸಿದವಳೋ, ಇನ್ನೂ ಶುರು ಮಾಡಬೇಕಾದವಳೋ ಹೇಳಲಾಗದಂತೆ.

ಅಕ್ಕ ಕನ್ನಡಕ ತೆಗೆದು ನೋಡಿದಳು, ಹಾಕಿಕೊಂಡು ನೋಡಿದಳು.

“ಇವಳೇ” ಎಂದಳು. “ಗೋಡೆಗೆ ಇವಳು ಹೋಗ್ಲಿ.”

“ಅಕ್ಕಾ, ತಮಾಷೆ ಮಾಡ್ಬೇಡ. ಮುಖಾನೇ ಕಾಣಲ್ಲ. ಕೆಳಗೆ ನನ್ನ ಹೆಸರಿರುತ್ತೆ!”

“ನನ್ನ ಮುಖ ನೋಡ್ಬೇಕು ಅನ್ನೋರು ಅಂಗಡಿಗೆ ಬಂದು ನೋಡ್ಲಿ. ನಿನ್ನೆ ಅಲ್ಲಿ ನಿಂತಿದ್ದೋಳು ಇವಳು. ನಂಗೆ ಗೊತ್ತಿರಲಿಲ್ಲ ಇವಳು ಹೀಗಿರ್ತಾಳೆ ಅಂತ.”

ನಾನು ವಾದಿಸಿದೆ. ತಾಂತ್ರಿಕ ಕಾರಣ ಕೊಟ್ಟೆ, ಕಲೆಯ ಕಾರಣ ಕೊಟ್ಟೆ, ಮನೆತನದ ಮರ್ಯಾದೆ ಎತ್ತಿದೆ. ಎತ್ತದೆ ಉಳಿದ ಕಾರಣ ಒಂದೇ. ಬೇಕರಿಯವರು ನಾಟಕ ನೋಡಲು ಬರುತ್ತಾರೆ. ಸೋತಮೇಲೆ ಕುತಂತ್ರಕ್ಕಿಳಿದೆ. ನಮ್ಮ ಕಸುಬಿನಲ್ಲೊಂದು ಗುಟ್ಟಿದೆ. ಮಸುಕಾದ ಫೋಟೋವನ್ನು ಸಣ್ಣದಾಗಿ ಅಚ್ಚು ಹಾಕಿದರೆ ಚೂಪಾಗಿ ಕಾಣುತ್ತದೆ. ಅಂಗೈಯಷ್ಟು ಅಚ್ಚು ಹಾಕಿ, ಸುತ್ತಲೂ ಅಗಲವಾದ ಬಿಳಿ ಅಂಚು ಬಿಟ್ಟು, ಈಗ ಇದೇ ಫ್ಯಾಶನ್ ಎಂದೆ.

“ಹೆಣ ಆಗಿ ಮಲಗಿದೋನಿಗೆ ಅಷ್ಟು ದೊಡ್ಡದು, ನನಗೆ ಅಂಚೆಚೀಟಿಯಾ?” ಎಂದಳು ಅಕ್ಕ. “ಎಲ್ಲರ ಅಳತೆಗೇ ಹಾಕು.”

ಉಳಿದ ಒಂದೇ ಆಸೆ ನಿರ್ದೇಶಕರು. ಅವರು ಖಂಡಿತ ಬೇಡವೆನ್ನುತ್ತಾರೆಂದು ನಂಬಿ ಹಜಾರದಲ್ಲಿ ಅವರ ಮುಂದೆ ಫೋಟೋ ಹಿಡಿದೆ. ಅವರು ತಲೆ ಅತ್ತಿತ್ತ ಮಾಡಿ, “ಮುಖ ಗೊತ್ತಾಗಲ್ವಲ್ಲಮ್ಮಾ” ಎಂದರು. ನನಗೆ ಜೀವ ಬಂತು.

“ಕಂಚಿನ ಕಂಠದ ಫೋಟೋದಲ್ಲಿ ಮುಖ ಗೊತ್ತಾಗುತ್ತಾ? ಬರೀ ಗಡ್ಡ” ಎಂದಳು ಅಕ್ಕ. ಆಮೇಲೆ ದನಿ ತಗ್ಗಿಸಿ, “ಸಾರ್, ಅವತ್ತಿಂದ ಎಲ್ಲರೂ ನಿಮಗೆ ಹೇಳ್ತಿದಾರಲ್ಲ, ಎರಡು ಸಲ ಹೇಳಿಸಿದ್ದು ಅದ್ಭುತ ಅಂತ. ಹೇಗೆ ಹೊಳೀತು ಅಂತ ಯಾರಾದ್ರೂ ನನ್ನ ಕೇಳಿದ್ರೆ ಏನು ಹೇಳ್ಲಿ?” ಎಂದಳು.

ನಿರ್ದೇಶಕರು ಕೆಮ್ಮಿದರು. ತಾವೇ ಸುತ್ತಿಗೆ ತರಿಸಿದರು.

ಹೀಗೆ ಆ ಫೋಟೋ ಗೋಡೆಗೆ ಬಂತು, ಟಿಕೆಟ್ ಕಿಟಕಿಯ ಪಕ್ಕದಲ್ಲೇ, ಎಲ್ಲರ ಕಣ್ಣಿಗೆ ಬೀಳುವಲ್ಲಿ. ಕೆಳಗಿನ ಪಟ್ಟಿಯಲ್ಲಿ ನನ್ನ ಹೆಸರು ಬೇಡ, ನನಗೆ ಪ್ರಚಾರ ಇಷ್ಟವಿಲ್ಲ ಎಂದು ವಿನಯದಿಂದ ಹೇಳಿ ನೋಡಿದೆ. ಅಕ್ಕ ತಾನೇ ಬರೆದಳು. ಔಷಧಿ ಸೀಸೆಗಳ ಮೇಲೆ ಬರೆದು ಬರೆದು ಅವಳ ಅಕ್ಷರ ದೂರಕ್ಕೂ ಸ್ಪಷ್ಟ.

ಮುಂದಿನ ಪ್ರದರ್ಶನಕ್ಕೆ ನಾಯಕಿಯ ಗಂಟಲು ಸರಿಹೋಗಿತ್ತು. ಅಕ್ಕ ಪ್ರತಿಯನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ಹೊರಟಿದ್ದಳು. ಟಿಕೆಟ್ಟಿಗೆ ನಿಂತಿದ್ದ ಹಿರಿಯರೊಬ್ಬರು ಫೋಟೋ ನೋಡಿ, ತಮ್ಮ ಕನ್ನಡಕ ಒರೆಸಿ, ಮತ್ತೆ ನೋಡಿ, “ಈಯಮ್ಮ ಚೆನ್ನಾಗಿ ಮಾಡ್ತಾರೆ ಅನ್ಸುತ್ತೆ. ಆದ್ರೆ ಫೋಟೋ ಯಾರೋ ಹೊಸಬರು ತೆಗ್ದಿರಬೇಕು” ಎಂದರು.

ನಾನು ಗೋಡೆಯ ಇನ್ನೊಂದು ತುದಿಯಲ್ಲಿದ್ದ ಬಡಗಿಯ ಹೆಣವನ್ನು ಆಸಕ್ತಿಯಿಂದ ನೋಡತೊಡಗಿದೆ.

“ನನ್ನ ತಂಗಿ ತೆಗ್ದಿದ್ದು” ಎಂದಳು ಅಕ್ಕ, ಇಡೀ ಹಜಾರಕ್ಕೆ ಕೇಳುವಂತೆ. “ಅಗೋ, ಅಲ್ಲಿ ಗೋಡೆಗೆ ಅಂಟ್ಕೊಂಡು ನಿಂತಿದ್ದಾಳಲ್ಲ, ಅವಳೇ. ಸರಿಯಾಗಿ ತೆಗಿಯೋದಕ್ಕೂ ಬರುತ್ತೆ ಅವಳಿಗೆ. ನೀವು ಅಲುಗಾಡದೆ ಕೂತ್ಕೋಬೇಕು ಅಷ್ಟೇ.”